ಬಿಸಿನೀರಮ್ಮ

ಇಸ್ತ್ರಿ ಅಂಗಡಿಯ ಆ ಹೆಂಗಸನ್ನು ಬೀದಿಯವರೆಲ್ಲ ಬಿಸಿನೀರಮ್ಮ ಎಂದೇ ಕರೆಯುತ್ತಿದ್ದರು. ಕುದಿಸದ ನೀರನ್ನು ಕುಡಿಯುವುದಿರಲಿ, ಬಾಯಿ ಮುಕ್ಕಳಿಸುವುದಕ್ಕೂ ಆಕೆ ಬಿಡುತ್ತಿರಲಿಲ್ಲ. "ಇನ್ನು ಗಾಳೀನೂ ಕುದಿಸಿ ಕೊಡ್ತಾಳೆ, ನೋಡ್ತಿರಿ" ಎಂದು ಸೈಕಲ್ ರಿಪೇರಿ ಮಾಡುವ ಗಂಡ ಗಿರಾಕಿಗಳ ಮುಂದೆ ಛೇಡಿಸುವನು. ನಗಲಿ ಬಿಡಿ! ಇದ್ದೊಂದು ಮಗುವನ್ನು ವಾಂತಿಭೇದಿಯಲ್ಲಿ ಕಳೆದುಕೊಂಡವಳ ಸಂಕಟ ನಗುವವರಿಗೇನು ಗೊತ್ತು? ಹಸಿ ನೀರಿನಿಂದಲೇ ಹೀಗಾಯಿತು ಎಂದು ಆಗ ಯಾರೋ ಆಡಿದ ಮಾತು ಆಕೆಯ ಎದೆಯಲ್ಲಿ ನಾಟಿಬಿಟ್ಟಿತ್ತು. ಹಿಂದಿನ ವರ್ಷ ಗಂಡನಿಗೆ ಕಾಮಾಲೆ ಬಂದು, ಲಿವರ್ ಸೋತಿದೆ, ಹುಷಾರಾಗಿರಬೇಕು ಎಂದು ಡಾಕ್ಟರು ಹೇಳಿದ ಮೇಲಂತೂ ಒಲೆಗೆ ಬಿಡುವೇ ಇರಲಿಲ್ಲ. ಅವಳಿಗೆ ಉಳಿದಿದ್ದವನು ಅವನೊಬ್ಬನೇ.

ಆ ಬೇಸಿಗೆಯಲ್ಲಿ ಊರಿಗೆ ನೀರು ಕೊಡುವ ಕೆರೆಯ ತುಂಬ ಪಾಚಿ ಕಟ್ಟಿತು. ಡಬ್ಬಿಗಟ್ಟಲೆ ಹಸಿರು ಬಣ್ಣ ಸುರಿದ ಹಾಗೆ, ಮೂಗು ಮುಚ್ಚಿಕೊಳ್ಳುವಂಥ ನಾತ. ನಲ್ಲಿಯ ನೀರು ಕುಡಿಯಬೇಡಿ ಎಂದು ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿ ಹೋದರು.

"ಹಸಿ ನೀರು ಕುಡಿಯೋ ಸೋಮಾರಿಗಳಿಗೆ ಹೇಳ್ತಿದ್ದಾರೆ, ನಮಗಲ್ಲ" ಎಂದಳು ಬಿಸಿನೀರಮ್ಮ.

ಊರಾಚೆ ಇದ್ದ ನಾದಿನಿ, ಪಾಪ, ಅಣ್ಣನಿಗೆಂದು ಬೋರ್‌ವೆಲ್ಲಿನ ನೀರನ್ನು ಕ್ಯಾನಿನಲ್ಲಿ ತುಂಬಿ ಹೊತ್ತು ತಂದಳು. ಕನ್ನಡಿಯಂಥ ನೀರು. ನಲ್ಲಿ ನೀರು ಚಿಮುಕಿಸಿ ಇಸ್ತ್ರಿ ಮಾಡಿದರೆ ಬಿಳಿ ಅಂಗಿಗಳ ಮೇಲೆ ಹಸಿರು ಕಲೆ ನಿಲ್ಲುತ್ತಿತ್ತು, ಗಿರಾಕಿಗಳು ರೇಗುತ್ತಿದ್ದರು. ಹಾಗಾಗಿ ಕ್ಯಾನಿನ ನೀರು ಅಂಗಿಗಳಿಗೆ ಹೋಯಿತು. ನಲ್ಲಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ, ಆರಿಸಿ ಗಂಡನಿಗೆ ಕೊಟ್ಟಳು. ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟಳು!

ಅವನಿಗೆ ಹೊಟ್ಟೆನೋವು ಶುರುವಾಯಿತು, ಆಮೇಲೆ ವಾಂತಿ. ಆಕೆ ಇನ್ನಷ್ಟು ಹೊತ್ತು ಕುದಿಸಿದಳು. ಕಣ್ಣು ಹಳದಿಯಾಗಿ, ಎದ್ದು ನಿಲ್ಲಲಾರದೆ ಹೋದಾಗ ಆಸ್ಪತ್ರೆಗೆ ಸೇರಿಸಿದಳು. ಮನೆಯಿಂದ ಫ್ಲಾಸ್ಕಿನಲ್ಲಿ ನೀರು ಒಯ್ಯುವುದನ್ನು ಮಾತ್ರ ತಪ್ಪಿಸಲಿಲ್ಲ.

ಡಾಕ್ಟರಮ್ಮ ಆಕೆಯನ್ನು ಪಡಸಾಲೆಗೆ ಕರೆದು ಎಲ್ಲ ವಿಚಾರಿಸಿದಳು. 

"ಆ ಪಾಚಿಯಲ್ಲಿರೋ ವಿಷ ಕುದಿಸಿದ್ರೆ ಹೋಗಲ್ಲಮ್ಮ. ಪಾಚಿ ಒಡೆದು ವಿಷವೆಲ್ಲ ನೀರಿಗೇ ಇಳಿಯುತ್ತೆ. ಅದು ಹೋಗಿ ಹಿಡಿಯೋದೇ ಲಿವರನ್ನ. ಇವರದ್ದು ಮೊದಲೇ ಸೋತಿತ್ತಲ್ಲ..."

"ನಾನು ಚೆನ್ನಾಗಿ ಕುದಿಸಿದ್ದೆ, ಡಾಕ್ಟರೇ."

"ಗೊತ್ತಮ್ಮ. ಕುದಿಸಿದ್ರೂ ಆಗಲ್ಲ ಅಂತ ನಿಮಗೆ ಯಾರೂ ಹೇಳಿರಲಿಲ್ಲ. ಇನ್ನು ನಮ್ಮ ಕೈಯಲ್ಲೂ ಹೆಚ್ಚಿಗೆ ಏನಿಲ್ಲ."

ಬಿಸಿನೀರಮ್ಮ ಫ್ಲಾಸ್ಕನ್ನು ಕೈತೊಳೆಯುವ ತೊಟ್ಟಿಗೆ ಬಗ್ಗಿಸಿದಳು. ಹಬೆಯಾಡುತ್ತ ಎಲ್ಲ ಹರಿದುಹೋಯಿತು. ಆಸ್ಪತ್ರೆಯ ಕ್ಯಾನಿನಿಂದ ತಣ್ಣೀರು ತುಂಬಿಕೊಂಡು ಒಳಗೆ ಬಂದಳು.

ಗಂಡ ಕಣ್ಣು ತೆರೆದ. "ನರ್ಸಮ್ಮ ಆಸ್ಪತ್ರೆ ನೀರು ಕೊಡೋಕೆ ಬಂದಿದ್ರು ಕಣೇ. ಬೇಡ, ನಮ್ಮವಳು ತರ್ತಾಳೆ ಅಂದೆ. ಬೈತೀಯಲ್ಲ ಆಮೇಲೆ!"

ಆಕೆ ಅವನ ತಲೆಯೆತ್ತಿ ಲೋಟ ತುಟಿಗಿಟ್ಟಳು.

"ತಣ್ಣಗಿದೆ. ಕುದಿಸಿದ್ದೇನಾ?"

"ಹೂಂ ರೀ, ಕುದಿಸಿದ್ದೇ. ಆರಿದೆ ಅಷ್ಟೇ."

ಅವನು ಗಟಗಟನೆ ಕುಡಿದ. "ನಿನ್ನ ಕೈ ನೀರು ಕುಡಿದ್ರೇನೇ ನನಗೆ ಧೈರ್ಯ ನೋಡು" ಎಂದು ಅವಳ ಮೊಣಕೈ ಹಿಡಿದುಕೊಂಡು ಮಲಗಿದ. ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟಿದ್ದ.