ಎದುರು ಮನೆಯ ಆಂಟಿ ಎತ್ತಿಕೊಳ್ಳದ ದಿನ

ಹರ್ನಿಯಾ ಆಪರೇಷನ್ ಮುಗಿಸಿ ಬೈಯಪ್ಪನಹಳ್ಳಿಯ ನಮ್ಮ ಬಾಡಿಗೆ ಮನೆಗೆ ಬರುವಾಗ, ಆರು ವಾರ ಮಕ್ಕಳನ್ನು ಎತ್ತಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮಗಳಿಗೆ ಆಗ ನಾಲ್ಕು ವರ್ಷ, ಮಗನಿಗೆ ಒಂದೂವರೆ. ಗಂಡ ಬೆಳಿಗ್ಗೆ ಮೆಟ್ರೋ ಹಿಡಿದರೆ ಕತ್ತಲಾದ ಮೇಲೆಯೇ ಬರುತ್ತಿದ್ದರು.

ಎದುರು ಮನೆಯ ಆಂಟಿ ತಮ್ಮ ಅಡುಗೆ ಮುಗಿಸಿ ಹನ್ನೊಂದಕ್ಕೆ ಬರೋರು. ದುಪಟ್ಟಾ ಸೊಂಟಕ್ಕೆ ಬಿಗಿದು, ಮಗನನ್ನು ಕಂಕುಳಿಗೇರಿಸಿಕೊಂಡು, ಇನ್ನೊಂದು ಕೈಯಲ್ಲಿ ಮಗಳಿಗೆ ಅನ್ನ ಕಲಸೋರು. ನಾನು ಏಳಲು ಹೋದರೆ ಒಂದೇ ಮಾತು: “ಕೂತ್ಕೋ ಬೇಟಿ, ಕೆಲಸ ಎಲ್ಲೂ ಓಡೋಗಲ್ಲ.”

ಎರಡನೇ ವಾರದ ಹೊತ್ತಿಗೆ ಮಗ ನನ್ನ ಹತ್ತಿರ ಬರುವುದನ್ನೇ ಬಿಟ್ಟ. ಎದ್ದ ಕೂಡಲೇ ಬಾಗಿಲ ಕಡೆ ನೋಡುತ್ತಿದ್ದ. ನನಗೆ ಎಷ್ಟು ಸುಸ್ತಾಗಿತ್ತೆಂದರೆ, ಮೊದಲು ಹಾಯೆನಿಸಿತು. ಆಮೇಲೆ ಗೋಡೆ ಕಡೆ ತಿರುಗಿ ಅತ್ತೆ. ಆಂಟಿ ಅದನ್ನು ನೋಡಿದರೋ ಇಲ್ಲವೋ ಗೊತ್ತಿಲ್ಲ.

ಮರುದಿನ ಅವನು ಅವರತ್ತ ಕೈ ಚಾಚಿದಾಗ ಅವರು ಎತ್ತಿಕೊಳ್ಳಲಿಲ್ಲ. ಚಾಪೆ ಹಾಸಿ ನನ್ನನ್ನು ಮೆಲ್ಲಗೆ ಕೂರಿಸಿದರು. ಹೊಲಿಗೆಗೆ ಏಟಾಗದಂತೆ ಹೊಟ್ಟೆಗೆ ದಿಂಬು ಕೊಟ್ಟು, ಅವನನ್ನು ಕೈ ಹಿಡಿದು ನಡೆಸಿಕೊಂಡು ಬಂದು ಪಕ್ಕದಲ್ಲಿ ಬಿಟ್ಟರು. ಅವನು ಜೋರಾಗಿ ಅತ್ತ.

“ನೀವೇ ಎತ್ಕೊಳ್ಳಿ ಆಂಟಿ,” ಎಂದೆ.

“ನಾನು ಎತ್ಕೊಂಡ್ರೆ ಸುಮ್ನಾಗ್ತಾನೆ, ಅಷ್ಟೇ. ನಿನ್ಹತ್ರ ಬರಲ್ಲ,” ಎಂದು ಮಗಳನ್ನು ಕರೆದುಕೊಂಡು ತಮ್ಮ ಮನೆಗೆ ಹೋದರು.

ಅವನು ತುಂಬಾ ಹೊತ್ತು ಅತ್ತ. ಕೊನೆಗೆ ದಣಿದು ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆಹೋದ. ಕಾಲು ಜೋಮು ಹಿಡಿಯಿತು. ನಾನು ಹಾಗೇ ಕೂತಿದ್ದೆ.