ಕೇಸರ ಕಿತ್ತ ದಾಸವಾಳ

ಎಂಬತ್ತರ ದಶಕದ ಕೊನೆಯ ಒಂದು ಭಾದ್ರಪದದ ಭಾನುವಾರ, ಬೆಳಿಗ್ಗೆ ಎಂಟಕ್ಕೆ, ರಾಣೆಬೆನ್ನೂರಿನ ನಮ್ಮ ಬಾಡಿಗೆ ಮನೆಯ ಹಿತ್ತಲ ಬಾಗಿಲಲ್ಲಿ ನಾನು ನಿಂತಿದ್ದೆ. ಹೆಂಡತಿ ಮೆಟ್ಟಿಲ ಮೇಲೆ ಕೂತು ಮಗಳಿಗೆ ಜಡೆ ಹಾಕುತ್ತಿದ್ದಳು.

ಅವಳು ಬೀಜದ ಕಂಪನಿ ಸೇರಿ ಎರಡು ತಿಂಗಳಾಗಿತ್ತು. ಹತ್ತರಿಂದ ಐದರ ಕೆಲಸವೆಂದು ಕರೆದವರು, ಹತ್ತಿ ಹೂಬಿಟ್ಟ ಮೇಲೆ ಅವಳನ್ನು ಬೆಳಗಿನ ಆರರ ಬಸ್ಸಿಗೇ ಕುಪ್ಪೇಲೂರಿನ ಹೊಲಕ್ಕೆ ಕಳಿಸುತ್ತಿದ್ದರು. ಮಿಶ್ರತಳಿ ಬೀಜಕ್ಕೆಂದು ಮುಂಜಾನೆ ಹೂವಿಗೆ ಬೇರೆ ತಳಿಯ ಪರಾಗ ಹಚ್ಚಬೇಕು, ಸಂಜೆ ಮರುದಿನದ ಮೊಗ್ಗುಗಳ ಕೇಸರ ಕಿತ್ತು ಗುರುತಿಗೆ ದಾರ ಕಟ್ಟಬೇಕು. ತಿಂಗಳಿಗೆ ಇದೊಂದೇ ರಜೆ. ಕೆಲಸ ಬಿಡು ಎಂದು ಆವತ್ತು ಹೇಳಲೇಬೇಕೆಂದಿದ್ದೆ.

ಮಗಳು ಮುಡಿಸೆಂದು ದಾಸವಾಳವೊಂದನ್ನು ಕೊಟ್ಟಳು. ಹೆಂಡತಿ ಉಗುರಿನಿಂದ ಅದರ ಕೇಸರವನ್ನೆಲ್ಲ ಕಿತ್ತು, ಜಡೆಯ ದಾರವನ್ನು ತೊಟ್ಟಿಗೆ ಕಟ್ಟಿಬಿಟ್ಟಳು. ಮಗಳು ಅತ್ತಳು.

ಗೋಡೆಯಾಚೆ ಪಕ್ಕದ ಮನೆಯ ಖಾಲಾ ನಕ್ಕರು: “ಏನ್ರೀ ಬಾಯಾರ, ದಾಸಾಳದ್ದೂ ಬೀಜಾ ಮಾಡ್ತೀರೇನು?”

“ಕೈ ನನ್ನ ಮಾತು ಕೇಳವಲ್ಲವು, ಖಾಲಾ” ಎಂದು ನಗಲು ಹೋದಳು, ಆಗಲಿಲ್ಲ. ನನ್ನತ್ತ ತಿರುಗಿದಳು. “ಬಿಡು ಅಂತ ಮಾತ್ರ ಅನ್ನಬ್ಯಾಡ್ರಿ. ಈ ಕೆಲಸ ನನಗ ಖರೇನ ಸೇರೇತಿ.”

ನಾನು ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡು ಮಗಳ ಹಿಂದೆ ಕೂತೆ.

ಇದನ್ನೆಲ್ಲ ಕಂಡ ಖಾಲಾ ಈಗಲೂ ಇದ್ದಾರೆ. ನಾನು ಹಾಕಿದ ಮೊದಲ ಜಡೆ ಎಷ್ಟು ಸೊಟ್ಟಗಿತ್ತೆಂದು ಅವರನ್ನೇ ಕೇಳಬೇಕು.