ಶಂಶುನ್ನೀಸಾ ಖಾಲಾಗೆ ಬಂದ ಮಾರ್ಕ್ಸು

ಶಿವಾಜಿನಗರದ ನಮ್ಮ ಗಲ್ಲಿಯಲ್ಲಿ ಮುಸಲ್ಮಾನರ ಮನೆಯ ಹೆಂಗಸು ಯಾರೇ ತೀರಿಕೊಂಡರೂ ಮೊದಲು ಹೇಳಿ ಕಳಿಸುತ್ತಿದ್ದುದು ಶಂಶುನ್ನೀಸಾ ಖಾಲಾಗೆ. ಮಣ್ಣಿಗೆ ಒಯ್ಯುವ ಮುಂಚೆ ದೇಹಕ್ಕೆ ಹೆಂಗಸರೇ ಸ್ನಾನ ಮಾಡಿಸಬೇಕು. ಆ ಕೆಲಸಕ್ಕೆ ಕೈ ಹಾಕಲು ಎಂಥವರಿಗೂ ಎದೆ ನಡುಗುತ್ತದೆ. ಖಾಲಾ ಮಾತ್ರ ಸೆರಗು ಸಿಕ್ಕಿಸಿಕೊಂಡು, ಪರದೆ ಕಟ್ಟಿಸಿ, ಬೆಚ್ಚಗಿನ ನೀರು ಹೊಯ್ಯುತ್ತಾ ಸತ್ತವಳೊಂದಿಗೆ ಮೆಲ್ಲಗೆ ಮಾತಾಡುತ್ತಿದ್ದರು. ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿದ್ದುದನ್ನು ಯಾರೂ ಕಂಡಿಲ್ಲ. ಅಂಥ ದಿನ ಅವರ ಮನೆಯಲ್ಲಿ ಒಲೆ ಹತ್ತುತ್ತಿರಲಿಲ್ಲ ಎಂಬುದು ಎದುರು ಮನೆಯವಳಾದ ನನಗಷ್ಟೇ ಗೊತ್ತು.

2002ರಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಶ್ವೇತ ಎಂಬ ಹುಡುಗಿ ಗಲ್ಲಿಗೆ ಬಂದಳು. ಮನಸ್ಸಿನ ಸಂಕಟವನ್ನು ಜನ ಎಷ್ಟು ತಡೆದುಕೊಳ್ಳುತ್ತಾರೆ ಎಂದು ಅಳೆಯುವುದು ಅವಳ ಕೆಲಸ. ದುಃಖವಾದರೆ ಕೈಕಾಲು ಆಡದಂತಾಗುತ್ತದೆಯೇ, ಅಲ್ಲಿಂದ ಎದ್ದು ಓಡಿಹೋಗೋಣ ಅನಿಸುತ್ತದೆಯೇ, ಇಂಥ ಪ್ರಶ್ನೆಗಳು. ಖಾಲಾ ಎಲ್ಲದಕ್ಕೂ "ಇಲ್ಲ ಬೇಟಿ, ತಡ್ಕೋತೀನಿ" ಅಂದರು. ಮನೆಗೆ ಬಂದವರ ಮುಂದೆ ಗೋಳು ಹೇಳಿಕೊಳ್ಳುವ ಜಾಯಮಾನ ಅವರದಲ್ಲ.

"ಖಾಲಾ, ಎಲ್ಲರಿಗಿಂತ ಜಾಸ್ತಿ ಮಾರ್ಕ್ಸ್ ನಿಮ್ಗೇ ಬಂದಿದೆ!" ಎಂದು ಶ್ವೇತ ಹೇಳಿದ್ದೇ ತಡ, ಗಲ್ಲಿಗೆಲ್ಲ ಸುದ್ದಿ. ನಮ್ಮ ಜನಕ್ಕೋ, ಮನೆಮಗ ಎಸ್ಸೆಸ್ಸೆಲ್ಸಿ ಪಾಸಾದಷ್ಟು ಸಂಭ್ರಮ. ಓದಿದವರೇ ಅಳೆದು ಹೇಳಿದ ಮೇಲೆ ಇನ್ನೇನು, ಖಾಲಾದು ಕಲ್ಲೆದೆ ಎಂದು ತೀರ್ಮಾನವಾಗಿಹೋಯಿತು.

ಮುಂದಿನ ವರ್ಷ ಅವರ ಹಿರಿಮಗಳು ವಾಜಿದಾ ಹೆರಿಗೆಯಲ್ಲಿ ತೀರಿಕೊಂಡಳು. ಆಸ್ಪತ್ರೆಯಿಂದ ತಂದು ಮನೆಯಲ್ಲಿ ಮಲಗಿಸಿದರು. ಪರದೆ ಕಟ್ಟಿದರು, ನೀರು ಕಾಯಿಸಿದರು, ಕರ್ಪೂರ ತಂದಿಟ್ಟರು. ಆಮೇಲೆ ಎಲ್ಲರೂ ಸುಮ್ಮನೆ ನಿಂತು ಖಾಲಾ ಮುಖ ನೋಡತೊಡಗಿದರು. ಖಾಲಾ ಕೂಡ ಒಬ್ಬೊಬ್ಬರ ಮುಖವನ್ನೂ ನೋಡಿದರು. ನೀವು ಕೂತ್ಕೊಳ್ಳಿ, ಇವತ್ತು ನಾವು ಮಾಡ್ತೀವಿ ಎನ್ನಲು ಒಂದು ಬಾಯಿಯಾದರೂ ಬೇಡವೇ? ಬೇರೆ ಜಾತಿಯವಳು ನಾನು, ಆ ನೀರು ಮುಟ್ಟುವ ಹಾಗಿರಲಿಲ್ಲ. ದಿನವಿಡೀ ವಟಗುಟ್ಟುವ ಆ ಹೆಂಗಸರ ನಾಲಿಗೆಗೆ ಏನು ಬಡಿದಿತ್ತು? ನೆನೆದರೆ ಈಗಲೂ ಮೈ ಉರಿಯುತ್ತದೆ.

ಖಾಲಾ ಸೆರಗು ಸಿಕ್ಕಿಸಿಕೊಂಡು ಪರದೆಯೊಳಗೆ ಹೋದರು. ಆವತ್ತು ಒಳಗಿನಿಂದ ಮಾತು ಕೇಳಲಿಲ್ಲ, ನೀರು ಬೀಳುವ ಸದ್ದಷ್ಟೇ ಕೇಳಿಸಿತು. ನನಗೆ ಅಲ್ಲಿ ನಿಲ್ಲಲಾಗದೆ ಮನೆಗೆ ಬಂದು ಅತ್ತುಬಿಟ್ಟೆ.

ಕೆಲವು ತಿಂಗಳ ಮೇಲೆ ಶ್ವೇತ ಮತ್ತೆ ಬಂದಳು. ಅವೇ ಪ್ರಶ್ನೆಗಳನ್ನು ಇನ್ನೊಮ್ಮೆ ಕೇಳಬೇಕಿತ್ತಂತೆ. ವಾಜಿದಾ ವಿಷಯ ತಿಳಿದು ಹುಡುಗಿ ಪೆಚ್ಚಾದಳು.

"ಬೇಡ ಬಿಡಿ ಖಾಲಾ. ಇನ್ನೊಂದ್ಸಲ ಬರ್ತೀನಿ."

ಖಾಲಾ ಅವಳ ಕೈ ಹಿಡಿದು ಕೂರಿಸಿದರು. "ಈಗ್ಲೇ ಬರ್ಕೋ ಬೇಟಿ. ಎಲ್ಲಾದಕ್ಕೂ ಆಗಲ್ಲ ಅಂತ ಬರ್ಕೋ. ಹೋಗೋವಾಗ ಗಲ್ಲೀಲಿ ಎಲ್ಲರ್ಗೂ ಹೇಳ್ಬಿಟ್ಟು ಹೋಗು, ಶಂಶುನ್ನೀಸಾಗೆ ತಡ್ಕೊಳ್ಳೋಕೆ ಆಗಲ್ಲ ಅಂತ."

"ಯಾಕೆ ಖಾಲಾ?"

ಖಾಲಾ ಒಳಕೋಣೆಯತ್ತ ನೋಡಿದರು. ಅಲ್ಲಿ ಹೆರಿಗೆಗೆಂದು ತವರಿಗೆ ಬಂದಿದ್ದ ಕಿರಿಮಗಳು ಉಮ್ಮೆ ಕುಲ್ಸುಂ ಮಲಗಿದ್ದಳು.

"ಅವ್ಳಿಗೆ ಈಗ ಏಳು ತಿಂಗಳು" ಎಂದರು.